ಕ್ಯಾಮೆರಾ ಆಫ್ ಇರಲಿ, ಬಾಯಿ ಆಫ್ ಬೇಡ

2020ರ ಲಾಕ್‌ಡೌನ್‌ನಲ್ಲಿ ಪಾಠ ಮಾಡಿದ ಯಾವ ಮೇಷ್ಟ್ರನ್ನಾದರೂ ಕೇಳಿ ನೋಡಿ. ‘ಕೇಳಿಸ್ತಿದೆಯಾ?’ ಅಂತ ಕೂಗಿ ಅರ್ಧ ನಿಮಿಷ ಕಾದರೂ ಉಸಿರಿಲ್ಲ. ಪರದೆ ತುಂಬ ಕಪ್ಪು ಚೌಕಗಳು, ಒಂದೊಂದರಲ್ಲಿ ಒಂದೊಂದು ಅಕ್ಷರ. ಅತ್ತ ಮಲೆನಾಡಿನ ಮಕ್ಕಳು ಮಳೆಯಲ್ಲಿ ಕೊಡೆ ಹಿಡಿದು ಗುಡ್ಡದ ಮೇಲೆ ಸಿಗ್ನಲ್ ಹುಡುಕುತ್ತಿದ್ದರು. ಎರಡೂ ಕಡೆ ಬೇಸರ, ತಪ್ಪು ಮಾತ್ರ ಯಾರದೂ ಅಲ್ಲ.

ಆನ್‌ಲೈನ್ ಕಲಿಕೆ ಆಮೇಲೆ ಹೋಗಲಿಲ್ಲ, ಬೇರೂರಿತು. ಒಂದು ಸೆಮಿಸ್ಟರ್‌ನ ಶೇ 40ರಷ್ಟು ಕೋರ್ಸ್‌ಗಳನ್ನು ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ತಾಣ ‘ಸ್ವಯಂ’ನಲ್ಲಿ ಓದಲು ವಿಶ್ವವಿದ್ಯಾಲಯಗಳು ಬಿಡಬಹುದು ಎಂದು 2021ರಲ್ಲೇ ಯುಜಿಸಿ ನಿಯಮ ಮಾಡಿದೆ. ಹಾಗಾಗಿ ವಿದ್ಯಾರ್ಥಿಗಳೇ, ಹೆಸರು ನೋಂದಾಯಿಸುವ ಮೊದಲು ಆ ಕೋರ್ಸ್‌ನ ಮೇಷ್ಟ್ರ ಒಂದೆರಡು ವಿಡಿಯೊ ನೋಡಿ. ಅವರ ಮಾತಿನ ಓಟ ನಿಮಗೆ ಹಿಡಿಸದಿದ್ದರೆ ಹನ್ನೆರಡು ವಾರ ಶಿಕ್ಷೆಯೇ. ‘ಸ್ವಯಂ’ನಲ್ಲೇ ಸಿಗುವ ಎನ್‌ಪಿಟಿಇಎಲ್ ಕೋರ್ಸ್‌ಗಳಲ್ಲಿ ವಾರದ ಅಸೈನ್‌ಮೆಂಟ್‌ಗೆ 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಕೊನೆಯ ವಾರ ಎರಡು ಪಟ್ಟು ವೇಗದಲ್ಲಿ ವಿಡಿಯೊ ಓಡಿಸಿದರೆ ಆ ಇಪ್ಪತ್ತೈದು ಕೈತಪ್ಪಿರುತ್ತದೆ. (ಓಡಿಸಿದವನು ನಾನೇ, ಅದಕ್ಕೇ ಹೇಳುತ್ತಿದ್ದೇನೆ.)

ಮೇಷ್ಟ್ರುಗಳಿಗೂ ಒಂದು ಮಾತು: ಗಂಟೆಗಟ್ಟಲೆ ಸ್ಲೈಡ್ ಓದಬೇಡಿ. ಹದಿನೈದು ನಿಮಿಷ ಹೇಳಿ, ಒಂದು ಪ್ರಶ್ನೆ ಎಸೆಯಿರಿ, ಹೆಸರು ಹಿಡಿದು ಕರೆಯಿರಿ. ಡೇಟಾ ಕಡಿಮೆ ಇರುವವರಿಗೆ ಬರೀ ಆಡಿಯೊ ಹಾಕಿದರೂ ಸಾಕು.

ನಾಳೆಯ ತರಗತಿಯಲ್ಲಿ ‘ಕೇಳಿಸ್ತಿದೆಯಾ?’ ಅಂದಾಗ, ದಯವಿಟ್ಟು ಯಾರಾದರೂ ‘ಹೂಂ ಸರ್’ ಅನ್ನಿ.