ಸಮಾವರ್ತನದ ಪಾಠ: ಕಾಲೇಜಿಗೆ ಹೊರಟ ಮಕ್ಕಳು, ಮನೆಯಲ್ಲುಳಿದ ತಂದೆತಾಯಿಗಳು

ಆಷಾಢ ಶ್ರಾವಣ ಮಾಸಗಳಲ್ಲಿ ನಮ್ಮ ನಗರವಾಸಿ ಬಂಧುಗಳ ಎಷ್ಟೋ ಮನೆಗಳಲ್ಲಿ ಒಂದು ಹೊಸ ನಿಶ್ಶಬ್ದತೆ ನೆಲೆಸುತ್ತದೆ. ಹನ್ನೆರಡನೆಯ ತರಗತಿಯವರೆಗೆ ಕಣ್ಣಳತೆಯಲ್ಲಿಯೇ ಬೆಳೆದ ಮಗನೋ ಮಗಳೋ ಮುಂಬಯಿಯಿಂದ ಸುರತ್ಕಲ್ಲಿಗೋ, ಚೆನ್ನೈಯಿಂದ ಪಿಲಾನಿಗೋ, ದೆಹಲಿಯಿಂದ ಮಣಿಪಾಲಕ್ಕೋ ವಿದ್ಯಾರ್ಜನೆಗಾಗಿ ಹೊರಟಿರುತ್ತಾರೆ. ಮನೆಯಿಂದಲೇ ಕಾಲೇಜಿಗೆ ಹೋಗಿಬರುವ ಮಕ್ಕಳಿದ್ದಲ್ಲಿಯೂ, ಇನ್ನು ಮುಂದೆ ಅವರ ಸಮಯ, ಸ್ನೇಹ, ಆಯ್ಕೆಗಳು ಪೂರ್ಣವಾಗಿ ನಮ್ಮ ಕೈಯಲ್ಲಿಲ್ಲ ಎಂಬ ಅರಿವು ತಂದೆತಾಯಿಗಳಿಗೆ ಉಂಟಾಗುತ್ತದೆ. ಮಗ ಸಂಧ್ಯಾವಂದನೆ ಬಿಟ್ಟಾನೇನೋ, ಕಂಡದ್ದನ್ನು ತಿಂದಾನೇನೋ, ಮಗಳು ದುಸ್ಸಹವಾಸಕ್ಕೆ ಸಿಲುಕಿಯಾಳೇನೋ ಎಂಬ ಚಿಂತೆ ರಾತ್ರಿಯ ನಿದ್ರೆಯನ್ನು ಕೆಡಿಸುತ್ತದೆ. ಈ ಚಿಂತೆ ಸಹಜವೇ. ಆದರೆ ಅದು ದಿನಕ್ಕೆ ನಾಲ್ಕು ಬಾರಿಯ ದೂರವಾಣಿ ವಿಚಾರಣೆಯಾಗಿ ಪರಿಣಮಿಸಿದರೆ ಮಕ್ಕಳಿಗೂ ಹಿತವಲ್ಲ, ನಮಗೂ ಹಿತವಲ್ಲ. ಮಕ್ಕಳನ್ನು ಬೀಳ್ಕೊಡುವುದಕ್ಕೂ ಒಂದು ವಿಧಾನವುಂಟು. ನಮ್ಮ ಶಾಸ್ತ್ರಗಳಲ್ಲಿ ಅದು ಸ್ಪಷ್ಟವಾಗಿಯೇ ಇದೆ. ಅದನ್ನು ಇಲ್ಲಿ ಸಂಕ್ಷೇಪವಾಗಿ ವಿಚಾರ ಮಾಡೋಣ.

ಉಪನಯನದಲ್ಲಿಯೇ ಆರಂಭವಾದ ವಿಯೋಗ

ಉಪನಯನವೆಂಬ ಪದಕ್ಕೆ ಗುರುವಿನ ಬಳಿಗೆ ಕರೆದೊಯ್ಯುವುದು ಎಂದು ಅರ್ಥ. ಆ ದಿನ ಮೊದಲು ಮಾತೃಭೋಜನವಾಗುತ್ತದೆ. ತಾಯಿ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣಿಸುತ್ತಾಳೆ. ಕೆಲವೇ ಗಂಟೆಗಳ ಅನಂತರ ಅದೇ ಮಗ ಮೌಂಜಿ, ದಂಡಗಳನ್ನು ಧರಿಸಿ ಅದೇ ತಾಯಿಯ ಎದುರು ಭಿಕ್ಷಾರ್ಥಿಯಾಗಿ ನಿಲ್ಲುತ್ತಾನೆ. ಬೆಳಿಗ್ಗೆ ಹಕ್ಕಿನಿಂದ ಉಂಡವನು ಈಗ ಬೇಡಿ ಪಡೆಯುವ ಬ್ರಹ್ಮಚಾರಿ. ಆ ಕ್ಷಣದಲ್ಲಿ ತಾಯಿಯ ಕಣ್ಣು ಒದ್ದೆಯಾಗುವುದನ್ನು ನಾವೆಲ್ಲರೂ ನೋಡಿದ್ದೇವೆ. ಹಿಂದೆ ಎಂಟು ವರ್ಷದ ವಟು ಇದಾದ ಮೇಲೆ ನಿಜವಾಗಿಯೂ ಮನೆ ಬಿಟ್ಟು ಗುರುಕುಲಕ್ಕೆ ಹೋಗುತ್ತಿದ್ದನು. ಇಂದು ಕಲ್ಯಾಣಮಂಟಪದಲ್ಲಿ ಕಾರ್ಯ ಮುಗಿಸಿ, ಸಂಜೆ ಅದೇ ಕಾರಿನಲ್ಲಿ ಅವನೂ ನಮ್ಮೊಡನೆ ಮನೆಗೆ ಮರಳುತ್ತಾನೆ. ಅಂದು ಸಾಂಕೇತಿಕವಾಗಿ ನಡೆದ ವಿಯೋಗ, ಹತ್ತು ವರ್ಷಗಳ ಮೇಲೆ ಹಾಸ್ಟೆಲ್ಲಿನ ಬಾಗಿಲಲ್ಲಿ ನಿಜವಾಗುತ್ತದೆ. ಹೆಣ್ಣುಮಕ್ಕಳ ಪಾಲಿಗಂತೂ ವಿದ್ಯೆಗಾಗಿ ಮನೆಯಿಂದ ಹೊರಡುವ ಮೊದಲ ಸಂದರ್ಭವೇ ಇದು. ಪೂರ್ವಿಕರು ಎಂಟನೆಯ ವರ್ಷದಲ್ಲಿ ಮಾಡಿದ್ದನ್ನು ನಾವು ಹದಿನೆಂಟನೆಯ ವರ್ಷದಲ್ಲಿ ಮಾಡಲು ಹಿಂಜರಿಯುತ್ತಿದ್ದೇವೆ.

ಮಗುವನ್ನು ಐದು ವರ್ಷ ಮುದ್ದಿಸಿ, ಮುಂದಿನ ಹತ್ತು ವರ್ಷ ಶಿಸ್ತಿನಲ್ಲಿಟ್ಟು, ಹದಿನಾರು ತುಂಬಿದವನನ್ನು ಮಿತ್ರನಂತೆ ಕಾಣಬೇಕೆಂಬ ನೀತಿವಚನವು ಸರ್ವವಿದಿತ. ಈ ಲೆಕ್ಕದಂತೆ ಕಾಲೇಜಿಗೆ ಹೋಗುವ ಹೊತ್ತಿಗೆ ಮಕ್ಕಳು ನಮಗೆ ಮಿತ್ರರಾಗಿ ಒಂದೆರಡು ವರ್ಷಗಳೇ ಕಳೆದಿರಬೇಕು. ದೇಶದ ಕಾನೂನೂ ಇದಕ್ಕೆ ಸಮೀಪವಾಗಿಯೇ ಇದೆ. ೧೮೭೫ರ ಪ್ರಾಪ್ತವಯಸ್ಕತೆಯ ಕಾಯಿದೆಯಂತೆ ೧೮ ವರ್ಷ ತುಂಬಿದವರು ಪ್ರಾಪ್ತವಯಸ್ಕರು. ೧೯೮೯ರಿಂದ ಅವರಿಗೆ ಮತದಾನದ ಹಕ್ಕೂ ಇದೆ. ದೇಶದ ಸರಕಾರವನ್ನು ಆರಿಸಲು ಅರ್ಹನಾದವನು ತನ್ನ ಬಟ್ಟೆಯನ್ನು, ಊಟದ ವೇಳೆಯನ್ನು ಆರಿಸಲು ಅನರ್ಹನೆಂದು ನಾವು ಭಾವಿಸುವುದು ಉಚಿತವಲ್ಲ.

ಶಿಕ್ಷಾವಲ್ಲಿಯ ಆಚಾರ್ಯ

ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯ ಹನ್ನೊಂದನೆಯ ಅನುವಾಕದಲ್ಲಿ, ವೇದಾಧ್ಯಯನ ಮುಗಿಸಿ ಹೊರಟು ನಿಂತ ಶಿಷ್ಯನಿಗೆ ಆಚಾರ್ಯನು ಮಾಡುವ ಉಪದೇಶವಿದೆ. ಮಾತಾಪಿತೃಗಳನ್ನು ದೇವರಂತೆ ಕಾಣಬೇಕೆಂಬ ಪ್ರಸಿದ್ಧ ಆದೇಶ ಬರುವುದು ಇಲ್ಲಿಯೇ. ನಾವು ಮಕ್ಕಳಿಗೆ ಮತ್ತೆ ಮತ್ತೆ ನೆನಪಿಸುವ ಮಾತೂ ಇದೇ. ಆದರೆ ಈ ಮಾತು ಬಂದಿರುವುದು ಬೀಳ್ಕೊಡುಗೆಯ ಸಂದರ್ಭದಲ್ಲಿ ಎಂಬುದನ್ನು ನಾವು ಗಮನಿಸುವುದಿಲ್ಲ. ಹೋಗಲು ಅನುಮತಿ ಕೊಡುತ್ತಲೇ ಆಚಾರ್ಯನು ಭಕ್ತಿಯನ್ನು ಬೋಧಿಸುತ್ತಾನೆ. ಭಕ್ತಿಯ ಹೆಸರಿನಲ್ಲಿ ಶಿಷ್ಯನನ್ನು ಕಟ್ಟಿಹಾಕುವುದಿಲ್ಲ.

ಈ ಅನುವಾಕದಲ್ಲಿ ತಂದೆತಾಯಿಗಳು ಮನನ ಮಾಡಬೇಕಾದ ಅಂಶಗಳು ಮೂರು.

ಮೊದಲನೆಯದಾಗಿ, ಆಚಾರ್ಯನ ಉಪದೇಶ ಆರಂಭವಾಗುವುದು ಸತ್ಯದಿಂದ. ಧರ್ಮ, ಸ್ವಾಧ್ಯಾಯಗಳು ಅದರ ಅನಂತರ ಬರುತ್ತವೆ. ಎರಡನೆಯದಾಗಿ, ತಮ್ಮ ನಡತೆಯಲ್ಲಿ ಒಳ್ಳೆಯದಾಗಿರುವುದನ್ನು ಮಾತ್ರ ಅನುಸರಿಸಬೇಕು, ಉಳಿದುದನ್ನು ಅನುಸರಿಸಬೇಕಾಗಿಲ್ಲ ಎಂದು ಆಚಾರ್ಯನೇ ಹೇಳುತ್ತಾನೆ. ತನ್ನನ್ನು ತೂಗಿ ನೋಡುವ ಸ್ವಾತಂತ್ರ್ಯವನ್ನು ಹಿರಿಯನೇ ಕಿರಿಯನಿಗೆ ಕೊಡುವ ಈ ಔದಾರ್ಯ ಅಪೂರ್ವವಾದುದು. ಮೂರನೆಯದಾಗಿ, ಕರ್ಮದ ವಿಷಯದಲ್ಲಿಯೋ ನಡತೆಯ ವಿಷಯದಲ್ಲಿಯೋ ಸಂದೇಹ ಬಂದರೆ ಏನು ಮಾಡಬೇಕು? ಹಿಂದಿರುಗಿ ಬಂದು ನನ್ನನ್ನೇ ಕೇಳು ಎಂದು ಆಚಾರ್ಯನು ಹೇಳಬಹುದಾಗಿತ್ತು. ಹಾಗೆ ಹೇಳುವುದಿಲ್ಲ. ಶಿಷ್ಯನಿರುವ ಆ ಸ್ಥಳದಲ್ಲಿಯೇ ವಿಚಾರಶೀಲರೂ, ಕ್ರೌರ್ಯವಿಲ್ಲದವರೂ, ಧರ್ಮಾಪೇಕ್ಷಿಗಳೂ ಆದ ಸಜ್ಜನರು ಹೇಗೆ ನಡೆಯುತ್ತಾರೋ ಹಾಗೆ ನಡೆಯಬೇಕೆಂದು ಸೂಚಿಸುತ್ತಾನೆ. ಪರಸ್ಥಳದಲ್ಲಿಯೂ ಸಜ್ಜನರಿರುತ್ತಾರೆ, ಅವರನ್ನು ಗುರುತಿಸುವ ವಿವೇಕವೂ ಶಿಷ್ಯನಿಗಿದೆ ಎಂಬ ಎರಡು ವಿಶ್ವಾಸಗಳು ಈ ಒಂದು ಮಾತಿನಲ್ಲಿವೆ. ನಮ್ಮ ಮಕ್ಕಳ ವಿಷಯದಲ್ಲಿ ನಮಗೆ ಕೊರತೆಯಾಗಿರುವುದು ಇವೇ ಎರಡು.

ಒಂದು ಪ್ರಶ್ನೆಯ ಅನರ್ಥ

ಸತ್ಯಕ್ಕೆ ಪ್ರಥಮಸ್ಥಾನ ದೊರೆತಿರುವುದರಲ್ಲಿ ವ್ಯಾವಹಾರಿಕವಾದ ಅರ್ಥವೂ ಇದೆ. ಅನೇಕ ಮನೆಗಳಲ್ಲಿ ಪ್ರತಿ ಸಂಜೆ ಮಗನಿಗೆ ಕೇಳುವ ಮೊದಲ ಪ್ರಶ್ನೆ, ಸಂಧ್ಯಾವಂದನೆ ಆಯಿತೇ ಎಂಬುದು. ಒಂದು ಕೋಣೆಯಲ್ಲಿ ಮೂವರಿರುವ ಹಾಸ್ಟೆಲ್ಲಿನಲ್ಲಿ, ಬೆಳಿಗ್ಗೆ ಎಂಟಕ್ಕೆ ಪ್ರಯೋಗಶಾಲೆಗೆ ಓಡಬೇಕಾದ ಹುಡುಗನಿಗೆ ಒಂದು ದಿನ ತಪ್ಪಿರಬಹುದು. ತಪ್ಪಿತೆಂದರೆ ತಾಯಿ ಅಳುತ್ತಾಳೆ, ತಂದೆ ಅರ್ಧ ಗಂಟೆ ಉಪನ್ಯಾಸ ಮಾಡುತ್ತಾರೆ. ಆದುದರಿಂದ ಅವನು ‘ಆಯಿತು’ ಎನ್ನುತ್ತಾನೆ. ಕಾಲಾತಿಕ್ರಮಕ್ಕೆ ಪ್ರಾಯಶ್ಚಿತ್ತಾರ್ಘ್ಯವನ್ನು ಶಾಸ್ತ್ರವೇ ಸಂಧ್ಯಾವಂದನೆಯೊಳಗೆ ವಿಧಿಸಿದೆ. ಮನುಷ್ಯನಿಗೆ ವೇಳೆ ತಪ್ಪಬಹುದೆಂದು ಋಷಿಗಳಿಗೆ ತಿಳಿದಿತ್ತು. ಆದರೆ ಮನೆಗೆ ಸುಳ್ಳು ಹೇಳುವ ಅಭ್ಯಾಸಕ್ಕೆ ಅಷ್ಟು ಸುಲಭವಾದ ಪ್ರಾಯಶ್ಚಿತ್ತವಿಲ್ಲ. ಇಂದು ಅರ್ಘ್ಯದ ವಿಷಯದಲ್ಲಿ ಸುಳ್ಳು ಕಲಿತವನು ನಾಳೆ ಅನುತ್ತೀರ್ಣನಾದುದನ್ನು, ನಾಡಿದ್ದು ಸಾಲ ಮಾಡಿದುದನ್ನು, ಕೊನೆಗೆ ಬದುಕೇ ಬೇಸರವಾಗಿದೆ ಎಂಬುದನ್ನು ಕೂಡ ಮರೆಮಾಚುತ್ತಾನೆ. ಸಂಕಟ ಬಂದಾಗ ಮಗು ಮೊದಲು ಮನೆಗೆ ಹೇಳುತ್ತದೆಯೋ ಇಲ್ಲವೋ ಎಂಬುದರ ಮೇಲೆ ಕೆಲವೊಮ್ಮೆ ಪ್ರಾಣವೇ ನಿಂತಿರುತ್ತದೆ. ಆ ಬಾಗಿಲನ್ನು ನಮ್ಮ ವಿಚಾರಣೆಯಿಂದ ನಾವೇ ಮುಚ್ಚಬಾರದು.

ಆಚಾರವನ್ನು ಉಳಿಸುವ ಮಾರ್ಗ ಬೇರೆಯಿದೆ. ಹೊರಡುವ ಮೊದಲೇ ಮಗನೊಡನೆ ಕುಳಿತು, ಹಾಸ್ಟೆಲ್ಲಿನಲ್ಲಿ ಏನು ಸಾಧ್ಯವೆಂದು ಅವನನ್ನೇ ಕೇಳಬೇಕು. ಅವನು ಒಪ್ಪಿಕೊಂಡ ಹತ್ತು ಗಾಯತ್ರಿಯು, ನಾವು ಹೇರಿದ ನೂರೆಂಟಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ. ಆಮೇಲೆ ಲೆಕ್ಕ ಕೇಳಬಾರದು.

ಪೂರ್ಣಪ್ರಜ್ಞರ ತಂದೆತಾಯಿಗಳು

ಶ್ರೀನಾರಾಯಣ ಪಂಡಿತಾಚಾರ್ಯರ ಸುಮಧ್ವವಿಜಯದ ನಾಲ್ಕನೆಯ ಸರ್ಗವನ್ನು ಸಾಮಾನ್ಯವಾಗಿ ಆಚಾರ್ಯರ ಸಂನ್ಯಾಸದ ಕಥೆಯಾಗಿ ಓದುತ್ತೇವೆ. ಒಮ್ಮೆ ಅದನ್ನು ತಂದೆತಾಯಿಗಳ ಕಥೆಯಾಗಿಯೂ ಓದಬೇಕು. ಮಧ್ಯಗೇಹ ಭಟ್ಟರು ಹನ್ನೆರಡು ವರ್ಷ ಉಡುಪಿಯ ಅನಂತೇಶ್ವರನನ್ನು ಸೇವಿಸಿ ಪಡೆದ ಮಗ ವಾಸುದೇವ. ಅವನು ಅಚ್ಯುತಪ್ರೇಕ್ಷರಲ್ಲಿಗೆ ಹೋಗಿ ನಿಂತಾಗ ತಂದೆ ಹಿಂದೆಯೇ ಬಂದು ಬೇಡಿದರು, ಕೊನೆಗೆ ಮಗನಿಗೇ ನಮಸ್ಕರಿಸಿದರು. ಹಿರಿಯರು ಕಿರಿಯರಿಗೆ ನಮಸ್ಕರಿಸುವುದು ಯತಿಗಳ ವಿಷಯದಲ್ಲಿ ಮಾತ್ರ ಯುಕ್ತವಾದುದರಿಂದ, ಭಗವಂತನೇ ತಮ್ಮಿಂದ ಈ ಅನುಮತಿಯನ್ನು ಕೊಡಿಸಿದನೆಂದು ಬಾಲಕನು ಅರ್ಥ ಮಾಡಿದನು. ಮನೆಗೆ ಆಧಾರವಾಗಿ ತಮ್ಮನೊಬ್ಬನು ಹುಟ್ಟುವವರೆಗೆ ಕಾದನು. ತಾಯಿಯ ಮುಂದೆ ಉಳಿದಿದ್ದ ಆಯ್ಕೆ ಒಂದೇ: ಒಪ್ಪಿದರೆ ಮಗನನ್ನು ಮುಂದೆಯೂ ನೋಡಬಹುದು, ಒಪ್ಪದಿದ್ದರೆ ಅವನು ಕಣ್ಮರೆಯಾಗುವನು. ಆಕೆ ಒಪ್ಪಿದಳು.

ಅವತಾರಪುರುಷರ ಚರಿತ್ರೆಯನ್ನು ನಮ್ಮ ಮನೆಯ ವಿದ್ಯಮಾನಗಳಿಗೆ ಸಮನಾಗಿಸುವ ಉದ್ದೇಶ ಇಲ್ಲಿಲ್ಲ. ಆದರೆ ಆ ತಾಯಿಯ ಮುಂದಿದ್ದ ಆಯ್ಕೆ ಪ್ರತಿಯೊಬ್ಬ ತಾಯಿಯ ಮುಂದೆಯೂ ಒಂದು ದಿನ ಬಂದು ನಿಲ್ಲುತ್ತದೆ. ಬಿಟ್ಟುಕೊಟ್ಟವರಿಗೆ ಮಕ್ಕಳು ಉಳಿಯುತ್ತಾರೆ. ಬಿಗಿಹಿಡಿದವರ ಮಕ್ಕಳು ಮನೆಯಲ್ಲಿದ್ದರೂ ಮನಸ್ಸಿನಿಂದ ದೂರವಾಗುತ್ತಾರೆ.

ರೈಲ್ವೆಯ ಒಂದು ದೃಷ್ಟಾಂತ

ಈ ಲೇಖಕನು ರೈಲ್ವೆಯಲ್ಲಿ ಸೇವೆ ಸಲ್ಲಿಸಿದವನಾದುದರಿಂದ ಆ ಇಲಾಖೆಯ ದೃಷ್ಟಾಂತವೊಂದನ್ನು ಕೊಡಬಹುದು. ಗಾಡಿ ಹೊರಡುವ ಮೊದಲು ಬೋಗಿಗಳ ಪರೀಕ್ಷೆಯಾಗಿ, ಬ್ರೇಕ್ ಸರಿಯಾಗಿದೆಯೆಂಬ ಪ್ರಮಾಣಪತ್ರ ಚಾಲಕನ ಕೈಗೆ ಬರಬೇಕು. ಸ್ಟೇಷನ್ ಮಾಸ್ತರರು ಮುಂದಿನ ನಿಲ್ದಾಣದಿಂದ ‘ಲೈನ್ ಕ್ಲಿಯರ್’ ಪಡೆಯಬೇಕು. ಗಾಡಿ ಹೊರಟಮೇಲೆ ಮಾಸ್ತರರು ಅದರ ಹಿಂದೆ ಓಡುವುದಿಲ್ಲ. ನಡುದಾರಿಯಲ್ಲಿ ಸಿಗ್ನಲ್ ನೋಡಿ ನಡೆಸುವವನು ಚಾಲಕನೇ. ಗಾಡಿ ಕ್ಷೇಮವಾಗಿ ತಲುಪಿತೆಂದು ಮುಂದಿನ ನಿಲ್ದಾಣದಿಂದ ಬರುವ ವರ್ತಮಾನವೇ ಸಾಕು. ಇನ್ನು ಅಪಾಯದ ಸರಪಳಿ ಇರುವುದು ಮಾಸ್ತರರ ಕೋಣೆಯಲ್ಲಿ ಅಲ್ಲ, ಪ್ರಯಾಣಿಕರ ಡಬ್ಬಿಯಲ್ಲಿ.

ಇದೇ ಕ್ರಮವನ್ನು ನಾವೂ ಅನುಸರಿಸಬಹುದು. ಪರೀಕ್ಷೆಯೆಲ್ಲ ಹೊರಡುವ ಮೊದಲೇ ಆಗಬೇಕು. ಗಂಡಾಗಲಿ ಹೆಣ್ಣಾಗಲಿ, ಬಟ್ಟೆ ಒಗೆಯುವುದು, ಅನ್ನ ಸಾರು ಮಾಡಿಕೊಳ್ಳುವುದು, ಬ್ಯಾಂಕಿನ ವ್ಯವಹಾರ, ಜ್ವರ ಬಂದರೆ ಒಬ್ಬರೇ ವೈದ್ಯರಲ್ಲಿಗೆ ಹೋಗುವುದು, ಇವನ್ನು ಹನ್ನೆರಡನೆಯ ತರಗತಿಯ ರಜೆಯಲ್ಲಿಯೇ ಕಲಿಸಬೇಕು. ತಿಂಗಳ ಹಣವನ್ನು ಒಂದೇ ಬಾರಿಗೆ ಕಳಿಸಿ, ಅದರ ವಿನಿಯೋಗವನ್ನು ಅವರಿಗೇ ಬಿಡಬೇಕು. ಇಪ್ಪತ್ತನೆಯ ತಾರೀಕಿಗೆ ಹಣ ಮುಗಿಸಿಕೊಂಡ ಹುಡುಗಿ ಮುಂದಿನ ತಿಂಗಳು ತಾನೇ ಲೆಕ್ಕ ಬರೆಯುತ್ತಾಳೆ. ದೂರವಾಣಿಗೆ ವಾರದಲ್ಲಿ ಎರಡು ದಿನ ಗೊತ್ತುಪಡಿಸಿದರೆ ಸಾಕು. ಆಗಲೂ ಅಂಕ, ಹಾಜರಿಗಳ ವಿಷಯ ಬಿಟ್ಟು ಮನೆಯ ಸಮಾಚಾರವನ್ನು ನಾವೇ ಮೊದಲು ಹೇಳಬೇಕು. ಮೊಬೈಲಿನ ಮೂಲಕ ಮಕ್ಕಳು ಎಲ್ಲಿದ್ದಾರೆಂದು ಅವರಿಗೆ ತಿಳಿಯದಂತೆ ನೋಡುತ್ತಿರುವುದು ಸರ್ವಥಾ ಸಲ್ಲದು.

ಸರಪಳಿಯ ವಿಷಯವನ್ನು ಮಾತ್ರ ಬಾಯಿಬಿಟ್ಟು ಹೇಳಿ ಕಳಿಸಬೇಕು. ‘ಯಾವ ತಪ್ಪೇ ಆಗಿರಲಿ, ಎಷ್ಟು ಹೊತ್ತೇ ಆಗಿರಲಿ, ಕರೆ ಮಾಡು. ಮೊದಲು ಬರುತ್ತೇವೆ, ಮಾತು ಆಮೇಲೆ’ ಎಂದು. ರೈಲಿನಲ್ಲಿ ಅಕಾರಣ ಸರಪಳಿ ಎಳೆದರೆ ದಂಡವುಂಟು, ಈ ಸರಪಳಿಗೆ ದಂಡವಿಲ್ಲ. ೨೦೦೯ರ ಯು.ಜಿ.ಸಿ. ನಿಯಮಾವಳಿಯಂತೆ ರ್‍ಯಾಗಿಂಗ್ ನಿಷಿದ್ಧ. ಅದರ ದೂರಿಗೆ ೧೮೦೦-೧೮೦-೫೫೨೨ ಎಂಬ ಸಹಾಯವಾಣಿಯಿದೆ. ಮನಸ್ಸಿನ ಕ್ಷೋಭೆಗೆ ೨೦೨೨ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ ಸಂಖ್ಯೆ ೧೪೪೧೬. ಈ ಎರಡನ್ನೂ ಮಕ್ಕಳಿಗೆ ಬರೆದುಕೊಡಬೇಕು. ನಿದ್ರಾಹಾರಗಳು ಕೆಟ್ಟು, ಸ್ನೇಹಿತರಿಂದ ದೂರವಾಗಿ, ತಾನು ನಿಷ್ಪ್ರಯೋಜಕನೆಂಬ ಮಾತು ಮಗುವಿನ ಬಾಯಲ್ಲಿ ಬಂದರೆ, ಈವರೆಗೆ ಹೇಳಿದ ನಿಯಮಗಳನ್ನೆಲ್ಲ ಬದಿಗಿಟ್ಟು ಅಂದಿನ ಗಾಡಿಗೇ ಹೊರಡಬೇಕು, ವೈದ್ಯರಲ್ಲಿಗೆ ಕರೆದೊಯ್ಯಬೇಕು. ಬಿಟ್ಟುಕೊಡುವುದು ಎಂದರೆ ಕೈಬಿಡುವುದು ಎಂದರ್ಥವಲ್ಲ.

ಯಾರು ಸ್ವತಂತ್ರರು?

ನಮ್ಮಲ್ಲಿ ಅನೇಕರು ಇಲ್ಲವೇ ನಮ್ಮ ತಂದೆ, ಅಜ್ಜಂದಿರು ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ ಒಂದು ಟ್ರಂಕು ಹಿಡಿದು ಉಡುಪಿ, ಧಾರವಾಡ, ರಾಯಚೂರುಗಳಿಂದ ಪರಸ್ಥಳಕ್ಕೆ ಬಂದವರು. ಹಗಲು ಹೋಟೆಲಿನಲ್ಲಿ ದುಡಿದು ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದವರೆಷ್ಟೋ ಮಂದಿ. ಊರಿನ ತಾಯಿಗೆ ಸಿಗುತ್ತಿದ್ದುದು ಯಾವಾಗಲೋ ಬರುವ ಒಂದು ಕಾರ್ಡು ಮಾತ್ರ. ಆ ತಾಯಂದಿರು ಕಳಿಸಿಕೊಟ್ಟದ್ದರಿಂದಲೇ ಇಂದು ನಾವು ಇಲ್ಲಿದ್ದೇವೆ. ಅವರಿಗೆ ಆ ಧೈರ್ಯ ಎಲ್ಲಿಂದ ಬಂತು?

ತತ್ತ್ವಸಂಖ್ಯಾನದ ಆರಂಭದಲ್ಲಿಯೇ ಆಚಾರ್ಯರು ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರ ಎಂದು ಎರಡಾಗಿ ವಿಭಾಗಿಸಿದ್ದಾರೆ. ಸ್ವತಂತ್ರನು ಶ್ರೀಹರಿಯೊಬ್ಬನೇ. ನಾನು ಕಾಯದಿದ್ದರೆ ಮಗ ಕೆಟ್ಟಾನು ಎಂಬ ಮಾತಿನಲ್ಲಿ ಪ್ರೀತಿಯಷ್ಟೇ ಅಲ್ಲದೆ ಸ್ವಾತಂತ್ರ್ಯದ ಅಭಿಮಾನವೂ ಅಡಗಿದೆ. ಇಷ್ಟು ವರ್ಷ ಆ ಮಗುವನ್ನು ನಮ್ಮ ಕೈಯಿಂದ ಕಾಯಿಸಿದವನು, ಇನ್ನು ಮುಂದೆ ಬೇರೆ ಕೈಗಳಿಂದ ಕಾಯಿಸಲು ಸಮರ್ಥನಾಗಿದ್ದಾನೆ. ನಮಗೆ ವಿಹಿತವಾದ ಕರ್ತವ್ಯವನ್ನು ಮಾಡಿ, ಫಲವನ್ನು ಅವನಿಗೆ ಒಪ್ಪಿಸುವುದನ್ನು ದಿನವೂ ಪೂಜೆಯ ಕೊನೆಯಲ್ಲಿ ಹೇಳುತ್ತೇವೆ. ಹಾಸ್ಟೆಲ್ಲಿನ ಬಾಗಿಲಲ್ಲಿ ಅದೇ ಮಾತನ್ನು ಮನಸಾರೆ ಹೇಳಿ ಹಿಂದಿರುಗಬೇಕು.

ಶ್ರೀಕೃಷ್ಣಾರ್ಪಣಮಸ್ತು.