ಆಲೂಗಡ್ಡೆ: ನೀರೆಷ್ಟು, ಗೊಬ್ಬರವೆಷ್ಟು?

ಪ್ರಶ್ನೆ: ನವೆಂಬರ್ ಮೊದಲ ವಾರ ಮಹಡಿಯ ಮೇಲೆ ಗ್ರೋ ಬ್ಯಾಗ್‌ಗಳಲ್ಲಿ ಆಲೂಗಡ್ಡೆ ನೆಟ್ಟಿದ್ದೆ. ಗಿಡ ಸೊಂಟದೆತ್ತರ ಬೆಳೆಯಿತು, ಎಲೆ ಕಡುಹಸಿರು. ವಾರವಾರ ಕಡಲೆಕಾಯಿ ಹಿಂಡಿ ನೆನೆಸಿದ ನೀರು, ನಡುವೆ ಆಗಾಗ ಯೂರಿಯಾ ಕೊಡುತ್ತಿದ್ದೆ. ಕಿತ್ತು ನೋಡಿದರೆ ಗೋಲಿ ಗಾತ್ರದ ಗಡ್ಡೆಗಳು. ಇನ್ನೂ ಏನು ಕೊಡಬೇಕಿತ್ತು?
– ಗೃಹಿಣಿ, ಬೆಂಗಳೂರು

ಉತ್ತರ: ಇನ್ನೂ ಕೊಡಬೇಕಿರಲಿಲ್ಲ, ಕೊಟ್ಟದ್ದೇ ಹೆಚ್ಚಾಯಿತು. ಹಿಂಡಿ ನೀರಿನಲ್ಲೂ ಯೂರಿಯಾದಲ್ಲೂ ಇರುವುದು ಮುಖ್ಯವಾಗಿ ಸಾರಜನಕ. ಅದು ಧಾರಾಳವಾಗಿ ಸಿಗುತ್ತಿರುವಷ್ಟು ದಿನ ಗಿಡ ಎಲೆಯನ್ನೇ ಬೆಳೆಸುತ್ತದೆ, ಗಡ್ಡೆ ಕಟ್ಟುವುದನ್ನು ಮುಂದೂಡುತ್ತದೆ. ಒಂದು ಗಿಡಕ್ಕೆ ಇಡೀ ಬೆಳೆಗೆ ಸುಮಾರು ಮೂರು ಗ್ರಾಂ ಯೂರಿಯಾದಲ್ಲಿರುವಷ್ಟು ಸಾರಜನಕ ಸಾಕು. ಒಳ್ಳೆಯ ಗೊಬ್ಬರ ಬೆರೆಸಿದ ಮಣ್ಣಿದ್ದರೆ ಯೂರಿಯಾ ಮುಟ್ಟಲೇಬೇಕಿಲ್ಲ.

ಆಲೂಗಡ್ಡೆ ಬೇರಲ್ಲ, ಕಾಂಡ. ಗಿಡದ ಬುಡದಿಂದ ಮಣ್ಣಿನೊಳಗೆ ಅಡ್ಡಡ್ಡಲಾಗಿ ಎಳೆ ಕಾಂಡಗಳು ಹೊರಡುತ್ತವೆ; ಅವುಗಳ ತುದಿ ಊದಿಕೊಂಡರೆ ಅದೇ ಗಡ್ಡೆ. ನೆಟ್ಟು ಮೂವತ್ತೈದು, ನಲವತ್ತು ದಿನವಾದಾಗ ಬುಡದ ಮಣ್ಣನ್ನು ಬೆರಳಿನಿಂದ ಮೆಲ್ಲಗೆ ಸರಿಸಿ ನೋಡಿ. ಬೆಳ್ಳಗಿನ ದಪ್ಪ ದಾರದಂಥ ಎಳೆಗಳು ಕಾಣುತ್ತವೆ. ತುದಿ ಬಾಗಿ, ಬಟಾಣಿ ಕಾಳಿನಷ್ಟು ಊದಿದ್ದರೆ ಗಿಡ ಸರಿದಾರಿಯಲ್ಲಿದೆ. ನೋಡಿದ ತಕ್ಷಣ ಮಣ್ಣು ಮುಚ್ಚಿಬಿಡಿ. ಆ ದಿನಗಳಲ್ಲಿ ಗಿಡಕ್ಕೆ ಬೇಕಾದದ್ದು ಪೊಟ್ಯಾಷ್ ಮತ್ತು ತಪ್ಪದ ತೇವ.

ಮುಂದಿನ ಸಲ ಹೀಗೆ ಮಾಡಿ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ, ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ, ಚೀಲದ ಅರ್ಧದವರೆಗೆ ಮಾತ್ರ ತುಂಬಿ ಗಡ್ಡೆ ನೆಡಿ. ಇಪ್ಪತ್ತೈದು, ಮೂವತ್ತು ದಿನಕ್ಕೆ ಗಿಡ ಒಂದು ಗೇಣು ಬಂದಾಗ ಅದೇ ಮಿಶ್ರಣದಿಂದ ಬುಡಕ್ಕೆ ಮಣ್ಣು ಏರಿಸಿ. ಎರಡು ಗಿಡವಿರುವ ಚೀಲವಾದರೆ ಆಗಲೇ ಒಂದು ಟೀ ಚಮಚ ಸಲ್ಫೇಟ್ ಆಫ್ ಪೊಟ್ಯಾಷ್ ಹಾಕಿ, ಕಾಂಡಕ್ಕೆ ತಾಗದಂತೆ ಸುತ್ತ ಉದುರಿಸಿ. ಅಲ್ಲಿಗೆ ಗೊಬ್ಬರದ ಕೆಲಸ ಮುಗಿಯಿತು. ಎಲೆ ಸ್ವಲ್ಪ ತಿಳಿಹಸಿರಾದರೂ ಗಾಬರಿಯಾಗಿ ಹಿಂಡಿ ನೀರು ಸುರಿಯಬೇಡಿ.

ನೀವು ನೆಟ್ಟ ಕಾಲ ಸರಿಯಾಗಿಯೇ ಇದೆ. ಗಡ್ಡೆ ಕಟ್ಟಲು ರಾತ್ರಿಯ ಉಷ್ಣಾಂಶ 20 ಡಿಗ್ರಿಗಿಂತ ಕೆಳಗಿರಬೇಕು. ಫೆಬ್ರವರಿಯಲ್ಲಿ ನೆಟ್ಟು ಏಪ್ರಿಲ್ ಸೆಕೆಗೆ ಸಿಕ್ಕಿಸಿದರೆ ಯಾವ ಗೊಬ್ಬರವೂ ಕೈ ಹಿಡಿಯದು.

ಪ್ರಶ್ನೆ: ಹಿತ್ತಲಲ್ಲಿ ಬೆಳೆದ ಆಲೂಗಡ್ಡೆ ಗಾತ್ರವೇನೋ ಚೆನ್ನಾಗಿದೆ. ಆದರೆ ಕೆಲವು ಉದ್ದಕ್ಕೂ ಸೀಳಿವೆ, ಕೆಲವಕ್ಕೆ ಪಕ್ಕದಲ್ಲಿ ಗಂಟು ಬಂದಿದೆ. ಹೆಚ್ಚಿದರೆ ಒಂದೆರಡರ ನಡುವೆ ಟೊಳ್ಳು! ರೋಗವೇ?
– ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ರೋಗವಲ್ಲ, ನೀರಿನ ಏರುಪೇರು. ಊರಿಗೆ ಹೋಗಿ ಬಂದು, ಒಣಗಿದ ಪಾತಿಗೆ ಒಮ್ಮೆಲೇ ಪೈಪ್ ಬಿಟ್ಟಾಗ ಹೀಗಾಗುವುದು ಸಾಮಾನ್ಯ. ಒಣಗಿದಾಗ ಗಡ್ಡೆಯ ಬೆಳವಣಿಗೆ ನಿಲ್ಲುತ್ತದೆ. ಮತ್ತೆ ನೀರು ಸಿಕ್ಕಾಗ ಒಂದೇ ಸಮ ಹಿಗ್ಗುತ್ತದೆ. ಸಿಪ್ಪೆ ತಾಳಲಾರದೆ ಸೀಳುತ್ತದೆ, ಇಲ್ಲವೇ ಒಳಗೆ ಟೊಳ್ಳಾಗುತ್ತದೆ. ಆ ಭಾಗ ತೆಗೆದು ಉಳಿದದ್ದನ್ನು ಪಲ್ಯ ಮಾಡಿ, ತೊಂದರೆಯಿಲ್ಲ.

ಆಲೂಗಡ್ಡೆಯ ಬೇರು ಹೆಚ್ಚಿನದು ಮೇಲಿನ ಒಂದು, ಒಂದೂವರೆ ಅಡಿಯಲ್ಲೇ ಇರುತ್ತದೆ. ಆದ್ದರಿಂದ ಮೇಲ್ಮಣ್ಣು ಒಣಗಿದರೆ ಗಿಡಕ್ಕೆ ಬೇಗ ತಟ್ಟುತ್ತದೆ. ವಾರಕ್ಕೆ ಇಷ್ಟು ಸಲ ಎಂದು ಲೆಕ್ಕ ಹಾಕಿಕೊಳ್ಳುವ ಬದಲು ಬೆರಳನ್ನು ಎರಡು ಇಂಚು ಮಣ್ಣಿಗಿಳಿಸಿ ನೋಡಿ. ಅಲ್ಲಿ ತೇವ ತಾಗದಿದ್ದರೆ ಅಂದೇ ನೀರು ಕೊಡಬೇಕು. ಕೆಂಪು ಮಣ್ಣಿನ ಹಿತ್ತಲಲ್ಲಿ ಚಳಿಗಾಲದಲ್ಲಿ ಐದಾರು ದಿನಕ್ಕೊಮ್ಮೆ ಬೇಕಾದೀತು. ಬಿಸಿಲಿನ ಮಹಡಿಯ ಚೀಲಕ್ಕೆ ದಿನವೂ ಬೇಕಾಗಬಹುದು. ಕೊಟ್ಟರೆ ಬೇರಿನ ಆಳಕ್ಕೆ ಇಳಿಯುವಂತೆ ಕೊಡಿ. ಬುಡಕ್ಕೆ ರಾಗಿ ಹುಲ್ಲು ಅಥವಾ ಒಣಗಿದ ಎಲೆ ಹೊದಿಸಿದರೆ ತೇವ ನಿಲ್ಲುತ್ತದೆ, ಗಡ್ಡೆಗೆ ಬಿಸಿಲು ಬಿದ್ದು ಹಸಿರಾಗುವುದೂ ತಪ್ಪುತ್ತದೆ. ಹಸಿರಾದ ಗಡ್ಡೆಯಲ್ಲಿ ಸೊಲನೈನ್ ಎಂಬ ವಿಷಾಂಶ ಹೆಚ್ಚಿರುತ್ತದೆ, ಅದನ್ನು ಅಡುಗೆಗೆ ಬಳಸಬೇಡಿ.

ನೆಟ್ಟ ಹೊಸದರಲ್ಲಿ ಮಾತ್ರ ಕೈ ಬಿಗಿಹಿಡಿಯಿರಿ. ಮೊಳಕೆ ಮಣ್ಣಿಂದ ಮೇಲೆ ಬರುವ ಮೊದಲು ನೀರು ಹೆಚ್ಚಾದರೆ ಕತ್ತರಿಸಿ ನೆಟ್ಟ ಹೋಳುಗಳು ಕೊಳೆಯುತ್ತವೆ.

ಪ್ರಶ್ನೆ: ಹಂಡೆ ಒಲೆಯ ಬೂದಿಯನ್ನು ಆಲೂಗಡ್ಡೆ ಪಾತಿಗೆ ಸುರಿಯುತ್ತೇವೆ. ಗಡ್ಡೆಯ ಮೇಲೆ ಕಂದು ಹುರುಕು ಬರುತ್ತಿದೆ. ಸಂಬಂಧ ಉಂಟೇ?
– ಓದುಗರು, ಹಾಸನ ಜಿಲ್ಲೆ

ಉತ್ತರ: ಉಂಟು. ಬೂದಿಯಲ್ಲಿ ಪೊಟ್ಯಾಷ್ ಇದೆ ನಿಜ, ಆದರೆ ಅದು ಮಣ್ಣನ್ನು ಕ್ಷಾರೀಯವಾಗಿಸುತ್ತದೆ. ಹುರುಕಿಗೆ ಕಾರಣವಾದ ಸೂಕ್ಷ್ಮಾಣು ಅಂಥ ಮಣ್ಣಿನಲ್ಲಿ, ಅದೂ ಗಡ್ಡೆ ಕಟ್ಟುವಾಗ ಒಣಗಿದ್ದರೆ, ಜೋರಾಗುತ್ತದೆ. ಹಸಿ ಸಗಣಿ ಹಾಕಿದರೂ ಇದೇ ಪಾಡು. ಬೂದಿಯನ್ನು ಬೇರೆ ಪಾತಿಗೆ ಹಾಕಿ. ಇಲ್ಲಿ ಕಳಿತ ಗೊಬ್ಬರ ಮಾತ್ರ ಇರಲಿ, ಗಡ್ಡೆ ಮೂಡುವ ಮೂರು ವಾರ ತೇವ ತಪ್ಪಿಸಬೇಡಿ. ಸಿಪ್ಪೆ ಹೆರೆದರೆ ಆ ಗಡ್ಡೆಗಳು ತಿನ್ನಲು ಯೋಗ್ಯ. ಬಿತ್ತನೆಗೆ ಮಾತ್ರ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ಕೆಲಸದಿಂದ ಬಂದ ಮೇಲೆ ಸಂಜೆ ಗಿಡಗಳಿಗೆ ಮೇಲಿಂದ ನೀರು ಚಿಮುಕಿಸುತ್ತೇನೆ. ತಪ್ಪೇ?
– ಬ್ಯಾಂಕ್ ಉದ್ಯೋಗಿ, ಚಿಕ್ಕಮಗಳೂರು

ಉತ್ತರ: ನಿಮ್ಮ ಊರಿನ ತಂಪಿನಲ್ಲಿ ಖಂಡಿತ ಬೇಡ. ರಾತ್ರಿಯಿಡೀ ಎಲೆ ಒದ್ದೆಯಾಗಿದ್ದರೆ ಅಂಗಮಾರಿಗೆ ಆಹ್ವಾನ ಕೊಟ್ಟಂತೆ. 1845ರಲ್ಲಿ ಐರ್ಲೆಂಡ್‌ನ ಬೆಳೆಯನ್ನು ಕೊಳೆಸಿ ಬರಗಾಲ ತಂದ ರೋಗ ಇದೇ. ನಮ್ಮ ಹಾಸನದ ಮುಂಗಾರು ಬೆಳೆಗಾರರನ್ನು ಕಂಗೆಡಿಸುವುದೂ ಇದೇ. ಬೆಳಿಗ್ಗೆ, ಬುಡಕ್ಕೆ ಮಾತ್ರ ನೀರು ಕೊಡಿ. ಎಲೆ ಮೇಲೆ ನೀರಾಡಿದಂಥ ಕಪ್ಪು ಕಲೆ, ಅಡಿಯಲ್ಲಿ ಬಿಳಿ ಬೂಷ್ಟು ಕಂಡರೆ ಆ ಎಲೆಗಳನ್ನು ಕಿತ್ತು ಸುಟ್ಟುಬಿಡಿ.

ಪ್ರಶ್ನೆ: ಬಟಾಟೆ ಗಿಡ ತೊಂಬತ್ತು ದಿನಕ್ಕೆ ಹಳದಿಯಾಗಿ ಬಾಗುತ್ತಿದೆ. ನೀರು ಹೆಚ್ಚಿಸಲೇ?
– ವಿದ್ಯಾರ್ಥಿ, ಧಾರವಾಡ

ಉತ್ತರ: ಬೇಡ, ನಿಲ್ಲಿಸಿ. ಬೆಳೆ ಮಾಗಿದೆ. ನಿಮ್ಮದು ಎರೆ ಮಣ್ಣಾದರೆ ತೇವ ಬೇಗ ಆರುವುದಿಲ್ಲ. ಈಗ ನೀರು ಬಿಟ್ಟರೆ ಗಡ್ಡೆಯ ಮೈಮೇಲೆ ಬಿಳಿ ಗುಳ್ಳೆಗಳೆದ್ದು ಕೊಳೆಯಲು ಶುರುವಾಗುತ್ತದೆ. ಹತ್ತು, ಹದಿನೈದು ದಿನ ಬಿಟ್ಟು ಒಂದು ಗಡ್ಡೆ ತೆಗೆದು ಹೆಬ್ಬೆರಳಿನಿಂದ ಉಜ್ಜಿ. ಸಿಪ್ಪೆ ಜಾರಿದರೆ ಇನ್ನೊಂದು ವಾರ ಕಾಯಿರಿ. ಜಾರದಿದ್ದರೆ ಅಗೆದು, ತೊಳೆಯದೆ, ನೆರಳಿನಲ್ಲಿ ಆರಿಸಿ.