ಬೋರ್‌ವೆಲ್ ಆಳವಾದಷ್ಟೂ ನೀರು ಶುದ್ಧವೇ?

"ಮುನ್ನೂರು ಅಡಿಯ ನೀರಿಗಿಂತ ಸಾವಿರ ಅಡಿಯ ನೀರು ಶುದ್ಧ" ಎಂಬ ಮಾತನ್ನು ವಿದ್ಯಾರ್ಥಿಗಳಿಂದಲೂ ಪೋಷಕರಿಂದಲೂ ನಾನು ಆಗಾಗ ಕೇಳುತ್ತೇನೆ. ಇದು ಅರ್ಧ ಸತ್ಯ. ಉಳಿದರ್ಧ ನಮ್ಮ ಮಕ್ಕಳ ಹಲ್ಲು, ಮೂಳೆಗಳಿಗೆ ಸಂಬಂಧಿಸಿದ್ದು. ಪ್ರಥಮ ಪಿಯುಸಿಯ ರಸಾಯನಶಾಸ್ತ್ರ ಗೊತ್ತಿದ್ದರೆ ಇದನ್ನು ಸುಲಭವಾಗಿ ಅರ್ಥ ಮಾಡಿಕೊಳ್ಳಬಹುದು.

ನೀರು ಹರಿಯುವ ಬಗೆ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ನೆಲದಡಿ ಹೆಚ್ಚಾಗಿ ಇರುವುದು ಗ್ರಾನೈಟ್ ಮತ್ತು ನೈಸ್ ಶಿಲೆ. ಮೇಲ್ಪದರದಲ್ಲಿ ಬಂಡೆ ಶಿಥಿಲವಾಗಿ ಮಣ್ಣು, ಗರಸು ಆಗಿದೆ. ಹಳೆಯ ತೆರೆದ ಬಾವಿಗಳಿಗೆ ಈ ಪದರದ ನೀರೇ ಆಧಾರವಾಗಿತ್ತು. ಅದರ ಕೆಳಗಿನ ಗಟ್ಟಿ ಬಂಡೆಯಲ್ಲಿ ನೀರು ಇರುವುದು ಬಿರುಕುಗಳಲ್ಲಿ ಮಾತ್ರ. ಆಳಕ್ಕೆ ಹೋದಂತೆ ಸಾಮಾನ್ಯವಾಗಿ ಬಿರುಕುಗಳು ವಿರಳವಾಗುತ್ತವೆ, ಕಿರಿದೂ ಆಗುತ್ತವೆ.

ಬಿರುಕಿನ ಅಗಲ ಅರ್ಧವಾದರೆ ಹರಿವು ಅರ್ಧವಾಗುವುದಿಲ್ಲ, ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಹರಿವು ಅಗಲದ ಘನವನ್ನು ಅವಲಂಬಿಸಿರುವುದೇ ಇದಕ್ಕೆ ಕಾರಣ. ಹಾಗಾಗಿ ಮೇಲಿನ ನೀರು ಕೆಲವು ತಿಂಗಳು ಅಥವಾ ವರ್ಷಗಳಲ್ಲಿ ಹತ್ತಿರದ ಕೆರೆ, ಹಳ್ಳ ಸೇರಿದರೆ, ಆಳದ ನೀರು ದಶಕಗಳ ಕಾಲ, ಕೆಲವೆಡೆ ಶತಮಾನಗಳ ಕಾಲ ಬಂಡೆಯ ಸಂಗದಲ್ಲೇ ಇರುತ್ತದೆ.

ನೀರಿನ ಗುಣ ಬದಲಾಗುವ ಬಗೆ

ಮಳೆನೀರು ಮಣ್ಣಿನಲ್ಲಿ ಇಳಿಯುವಾಗ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ತುಸು ಆಮ್ಲೀಯವಾಗುತ್ತದೆ. ಅದು ಖನಿಜಗಳನ್ನು ಕರಗಿಸುತ್ತದೆ. ಮೇಲ್ಪದರದ ನೀರಿನಲ್ಲಿ ಸಾಮಾನ್ಯವಾಗಿ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಹೆಚ್ಚು. ಶೌಚಗುಂಡಿ, ಗೊಬ್ಬರಗಳಿಂದ ಬರುವ ನೈಟ್ರೇಟ್ ಮತ್ತು ರೋಗಾಣುಗಳ ಭಯವೂ ಇಲ್ಲೇ ಹೆಚ್ಚು. ಆಳದ ನೀರು ಶುದ್ಧ ಎಂಬ ಮಾತು ಇಷ್ಟರಮಟ್ಟಿಗೆ ನಿಜ.

ಕೆಳಗೆ ಸಾಗಿದಂತೆ ಜೇಡಿಮಣ್ಣಿನ ಖನಿಜಗಳು ಕ್ಯಾಲ್ಸಿಯಂ ಅಯಾನನ್ನು ಹಿಡಿದಿಟ್ಟುಕೊಂಡು ಸೋಡಿಯಂ ಬಿಡುತ್ತವೆ. ಸ್ವಲ್ಪ ಕ್ಯಾಲ್ಸಿಯಂ, ಕಾರ್ಬೊನೇಟ್ ಆಗಿ ಬೇರ್ಪಡುತ್ತದೆ. ನೀರು ಮೆದುವಾಗುತ್ತದೆ, ಪ್ರತ್ಯಾಮ್ಲೀಯವಾಗುತ್ತದೆ. ಅದೇ ಹೊತ್ತಿಗೆ ಗ್ರಾನೈಟಿನ ಫ್ಲೋರೈಟ್, ಕಪ್ಪು ಅಭ್ರಕಗಳಿಂದ ಫ್ಲೋರೈಡ್ ಬಿಡುಗಡೆಯಾಗುತ್ತಿರುತ್ತದೆ.

ಇಲ್ಲಿ ನೀವು ಓದಿದ ಸಾಲ್ಯುಬಿಲಿಟಿ ಪ್ರಾಡಕ್ಟ್ ನೆನಪಿಸಿಕೊಳ್ಳಿ. ಕ್ಯಾಲ್ಸಿಯಂ ಫ್ಲೋರೈಡ್‌ನ ಸಂತೃಪ್ತ ದ್ರಾವಣದಲ್ಲಿ,

ಕ್ಯಾಲ್ಸಿಯಂ ಸಾಂದ್ರತೆ × (ಫ್ಲೋರೈಡ್ ಸಾಂದ್ರತೆ)² = ಸ್ಥಿರಾಂಕ

ಕ್ಯಾಲ್ಸಿಯಂ ನಾಲ್ಕನೇ ಒಂದು ಭಾಗಕ್ಕೆ ಇಳಿದರೆ, ನೀರಿನಲ್ಲಿ ಎರಡು ಪಟ್ಟು ಫ್ಲೋರೈಡ್ ಕರಗಿರಲು ಸಾಧ್ಯ. ಸಾಬೂನು ಚೆನ್ನಾಗಿ ನೊರೆ ಬರಿಸುವ, ರುಚಿಯಲ್ಲೂ ದೋಷವಿಲ್ಲದ ಮೆದು ನೀರು ಅಪಾಯಕಾರಿಯಾಗಿರಬಹುದು ಎಂದು ನಾನು ಹೇಳುವುದು ಇದಕ್ಕೇ.

ನಮಗೇನು ಪಾಠ?

ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು ಎನ್ನುತ್ತದೆ ಭಾರತೀಯ ಮಾನದಂಡ. ಹೆಚ್ಚಾದರೆ ಬೆಳೆಯುವ ಮಕ್ಕಳ ಹಲ್ಲಿನಲ್ಲಿ ಕಲೆ ಮೂಡುತ್ತದೆ. ಬಹಳ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲುಗಳು ಬಿಗಿಯುತ್ತವೆ. ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗುವುದರಿಂದ ಅದರ ಸಾಂದ್ರತೆ ತುಸು ಏರುತ್ತದೆ.

ಆಳವೊಂದನ್ನೇ ನೋಡಿ ತೀರ್ಪು ಕೊಡುವಂತಿಲ್ಲ. ಅಕ್ಕಪಕ್ಕದ ಎರಡು ಬೋರ್‌ವೆಲ್‌ಗಳು ಬೇರೆ ಬೇರೆ ಬಿರುಕುಗಳಿಂದ ನೀರೆತ್ತಬಹುದು. ಆದ್ದರಿಂದ ಪರೀಕ್ಷೆಯೊಂದೇ ದಾರಿ. ಶುಭ್ರವಾದ ಪ್ಲಾಸ್ಟಿಕ್ ಬಾಟಲಿಯಲ್ಲಿ ಮನೆಯ ನೀರು ತನ್ನಿ, ಬೋರ್‌ವೆಲ್‌ನ ಆಳವನ್ನು ಹಿರಿಯರಿಂದ ಕೇಳಿ ಚೀಟಿಯಲ್ಲಿ ಬರೆಯಿರಿ. ಗಡಸುತನವನ್ನು ನಮ್ಮ ಪ್ರಯೋಗಾಲಯದಲ್ಲೇ ಅಳೆಯೋಣ. ಫ್ಲೋರೈಡ್ ಪರೀಕ್ಷೆಗೆ ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಡೋಣ. ಚಾವಣಿಯ ಮಳೆನೀರನ್ನು ಸೋಸಿ ಇಂಗಿಸಿದರೆ ಮೇಲ್ಪದರ ಮತ್ತೆ ತುಂಬಲು ನೆರವಾಗುತ್ತದೆ, ಆಳದ ನೀರಿನ ಮೇಲಿನ ಅವಲಂಬನೆಯೂ ತಗ್ಗುತ್ತದೆ.

ಯೋಚಿಸಿ: ಕ್ಯಾಲ್ಸಿಯಂ ಒಂಬತ್ತನೇ ಒಂದು ಭಾಗಕ್ಕೆ ಇಳಿದರೆ ಫ್ಲೋರೈಡ್ ಎಷ್ಟು ಪಟ್ಟು ಏರಬಲ್ಲದು?